ಪಿಇಟಿ ಸ್ಕ್ಯಾನರ್ ಶೋಧಕಗಳ ಕಾಲನಿಖರತೆ

ಪಿಇಟಿ ಸ್ಕ್ಯಾನರ್ ಶೋಧಕಗಳ ಕಾಲನಿಖರತೆ ಎಂಬುದು ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ ಯಂತ್ರದ ಎರಡು ಶೋಧಕಗಳು, ತಮ್ಮನ್ನು ತಲುಪಿದ ಎರಡು ಗಾಮಾ ಕಣಗಳ ಆಗಮನದ ವ್ಯತ್ಯಾಸವನ್ನು ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲವು ಎಂಬುದರ ಮಾನ. ಇದನ್ನು ಪಿಕೋಸೆಕೆಂಡುಗಳಲ್ಲಿ ಹೇಳಲಾಗುತ್ತದೆ. ಒಂದು ಪಿಕೋಸೆಕೆಂಡ್ ಎಂದರೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. 1980ರ ದಶಕದಿಂದ ಈಚೆಗೆ ಈ ಕಾಲನಿಖರತೆಯನ್ನು ಹೆಚ್ಚಿಸುವ ಪ್ರಯತ್ನಗಳು ನಡೆದಿದ್ದು, ಇದರ ಫಲವಾಗಿ ಕಡಿಮೆ ವಿಕಿರಣಶೀಲ ಔಷಧದಿಂದ ಅಥವಾ ಕಡಿಮೆ ಅವಧಿಯಲ್ಲಿ ಸ್ಪಷ್ಟ ಚಿತ್ರಗಳನ್ನು ಪಡೆಯುವುದು ಸಾಧ್ಯವಾಗಿದೆ. ಔಷಧ ತಯಾರಾಗುವ ನಗರದಿಂದ ದೂರವಿರುವ ಕೇಂದ್ರಗಳಿಗೆ, ಹಾಗೂ ಅಂತಹ ಕೇಂದ್ರಗಳನ್ನು ನಂಬಿರುವ ಗ್ರಾಮೀಣ ರೋಗಿಗಳಿಗೆ, ಈ ಸುಧಾರಣೆ ವಿಶೇಷವಾಗಿ ಮುಖ್ಯವಾದುದು.

ಕಾರ್ಯತತ್ತ್ವ

ಪಿಇಟಿ ತಪಾಸಣೆಯಲ್ಲಿ ರೋಗಿಯ ರಕ್ತನಾಳಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಔಷಧವನ್ನು ಚುಚ್ಚಲಾಗುತ್ತದೆ. ಕ್ಯಾನ್ಸರ್ ತಪಾಸಣೆಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ಎಫ್‌ಡಿಜಿ. ಇದು ಗ್ಲೂಕೋಸನ್ನು ಹೋಲುವ ಅಣು. ಇದರ ಒಂದು ಭಾಗವಾಗಿ ಫ್ಲೋರಿನ್-18 ಎಂಬ ವಿಕಿರಣಶೀಲ ಐಸೊಟೋಪ್ ಇರುತ್ತದೆ. ಹೆಚ್ಚು ಸಕ್ಕರೆಯನ್ನು ಹೀರುವ ಜೀವಕೋಶಗಳು ಈ ಅಣುವನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತವೆ. ಬಹುತೇಕ ಕ್ಯಾನ್ಸರ್ ಗಡ್ಡೆಗಳು ಈ ಗುಂಪಿಗೆ ಸೇರುತ್ತವೆ.

ಫ್ಲೋರಿನ್-18 ಕ್ಷಯಿಸುವಾಗ ಪಾಸಿಟ್ರಾನ್ ಎಂಬ ಧನ ವಿದ್ಯುದಾವೇಶದ ಕಣ ಹೊರಬೀಳುತ್ತದೆ. ಅದು ಅಂಗಾಂಶದೊಳಗೆ ಸರಾಸರಿ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದೂರ ಸಾಗಿ, ಎದುರಾದ ಇಲೆಕ್ಟ್ರಾನಿನೊಡನೆ ಕೂಡುತ್ತದೆ. ಆಗ ಎರಡೂ ಕಣಗಳು ಇಲ್ಲವಾಗಿ, ಅವುಗಳ ದ್ರವ್ಯರಾಶಿ ತಲಾ 511 ಕಿಲೋಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಣಗಳಾಗಿ ಮಾರ್ಪಡುತ್ತದೆ. ಇವು ಬಹುಮಟ್ಟಿಗೆ ವಿರುದ್ಧ ದಿಕ್ಕುಗಳಲ್ಲಿ ಬೆಳಕಿನ ವೇಗದಲ್ಲಿ ಹೊರಡುತ್ತವೆ.

ರೋಗಿಯ ಸುತ್ತ ಬಳೆಯಾಕಾರದಲ್ಲಿ ಸಾವಿರಾರು ಶೋಧಕಗಳನ್ನು ಜೋಡಿಸಿರುತ್ತಾರೆ. ಬಳೆಯ ಎರಡು ಕಡೆಯ ಶೋಧಕಗಳು ಕೆಲವೇ ನ್ಯಾನೋಸೆಕೆಂಡುಗಳ ಅಂತರದಲ್ಲಿ ಗಾಮಾ ಕಣಗಳನ್ನು ಕಂಡರೆ, ಅವೆರಡೂ ಒಂದೇ ಘಟನೆಯಿಂದ ಬಂದವು ಎಂದು ಯಂತ್ರ ನಿರ್ಣಯಿಸುತ್ತದೆ. ಇದಕ್ಕೆ ಏಕಕಾಲಿಕ ಪತ್ತೆ ಎಂದು ಹೆಸರು. ಆ ಎರಡು ಶೋಧಕಗಳನ್ನು ಕೂಡಿಸುವ ಸರಳರೇಖೆಯ ಮೇಲೆ ಎಲ್ಲೋ ಒಂದು ಕಡೆ ಔಷಧದ ಅಣು ಇತ್ತು ಎಂಬುದು ಇದರಿಂದ ತಿಳಿಯುತ್ತದೆ. ಆ ರೇಖೆಯ ಯಾವ ಬಿಂದುವಿನಲ್ಲಿತ್ತು ಎಂಬುದು ಸಾಮಾನ್ಯ ಪಿಇಟಿ ಯಂತ್ರಕ್ಕೆ ತಿಳಿಯದು. ಕೋಟ್ಯಂತರ ರೇಖೆಗಳನ್ನು ಸಂಗ್ರಹಿಸಿ, ಗಣಕಯಂತ್ರದ ಲೆಕ್ಕಾಚಾರದಿಂದ ಚಿತ್ರವನ್ನು ಕಟ್ಟಬೇಕಾಗುತ್ತದೆ.

ಶೋಧಕಗಳ ಕಾಲನಿಖರತೆ ಸಾಕಷ್ಟು ಉತ್ತಮವಾಗಿದ್ದರೆ, ಯಾವ ಗಾಮಾ ಕಣ ಮೊದಲು ಬಂದಿತು ಮತ್ತು ಎಷ್ಟು ಮೊದಲು ಬಂದಿತು ಎಂಬುದರಿಂದ ಆ ಬಿಂದುವನ್ನೂ ಅಂದಾಜು ಮಾಡಬಹುದು. ಈ ವಿಧಾನಕ್ಕೆ ಟೈಮ್ ಆಫ್ ಫ್ಲೈಟ್ ಪಿಇಟಿ ಎಂಬ ಹೆಸರು ರೂಢಿಯಲ್ಲಿದೆ. ಕನ್ನಡದಲ್ಲಿ ಹಾರಾಟ-ಕಾಲ ಪಿಇಟಿ ಎನ್ನಬಹುದು.

ಒಂದು ಸರಳ ಉದಾಹರಣೆ

ಮೈಸೂರು ಮತ್ತು ಹುಣಸೂರಿನ ನಡುವಣ ರಸ್ತೆಯ ದೂರ 45 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ನಡುವಣ ಯಾವುದೋ ಊರಿನಿಂದ ಇಬ್ಬರು ಒಂದೇ ಹೊತ್ತಿಗೆ ಹೊರಟು, ಒಬ್ಬ ಮೈಸೂರಿನ ಕಡೆಗೂ ಮತ್ತೊಬ್ಬ ಹುಣಸೂರಿನ ಕಡೆಗೂ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾರೆ. ಅವರು ಎಲ್ಲಿಂದ, ಯಾವಾಗ ಹೊರಟರೆಂಬುದು ಯಾರಿಗೂ ತಿಳಿದಿಲ್ಲ. ಹುಣಸೂರು ತಲುಪಿದವನು ಮೈಸೂರು ತಲುಪಿದವನಿಗಿಂತ 3 ಗಂಟೆ ಮೊದಲು ಬಂದಿದ್ದರೆ, ಇಬ್ಬರೂ ನಡೆದ ದೂರಗಳ ವ್ಯತ್ಯಾಸ 15 ಕಿಲೋಮೀಟರ್. ಮೊತ್ತ 45 ಆಗಿರುವುದರಿಂದ, ಅವರು ಹೊರಟ ಸ್ಥಳ ಹುಣಸೂರಿನಿಂದ 15, ಮೈಸೂರಿನಿಂದ 30 ಕಿಲೋಮೀಟರ್ ದೂರದಲ್ಲಿರಬೇಕು.

ಎರಡೂ ಊರುಗಳ ಗಡಿಯಾರಗಳಲ್ಲಿ ಒಂದು ಗಂಟೆಯ ಹೊಂದಾಣಿಕೆ ತಪ್ಪಿದ್ದರೆ, ಹೊರಟ ಸ್ಥಳದ ಲೆಕ್ಕ 5 ಕಿಲೋಮೀಟರಿನಷ್ಟಲ್ಲ, ಅದರ ಅರ್ಧದಷ್ಟು, ಎಂದರೆ ಎರಡೂವರೆ ಕಿಲೋಮೀಟರಿನಷ್ಟು ತಪ್ಪುತ್ತದೆ. ಗಡಿಯಾರಗಳು ಸರಿಯಾದಷ್ಟೂ ಸ್ಥಳ ಸ್ಪಷ್ಟವಾಗುತ್ತದೆ. ಪಿಇಟಿ ಯಂತ್ರದಲ್ಲಿ ನಡೆಯುವುದೂ ಇದೇ. ಅಲ್ಲಿನ ನಡಿಗೆ ಬೆಳಕಿನದು, ಗಡಿಯಾರಗಳು ಶೋಧಕಗಳು.

ಕಾಲ ಮತ್ತು ದೂರದ ಸಂಬಂಧ

ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್, ಒಂದು ಪಿಕೋಸೆಕೆಂಡಿನಲ್ಲಿ 0.3 ಮಿಲಿಮೀಟರ್ ಸಾಗುತ್ತದೆ. ರೇಖೆಯ ಮೇಲಿನ ಸ್ಥಾನದ ಅನಿಶ್ಚಿತತೆಯು ಕಾಲದ ಅನಿಶ್ಚಿತತೆಯನ್ನು ಬೆಳಕಿನ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟಾಗುತ್ತದೆ. ಅದರಂತೆ:

• 1,000 ಪಿಕೋಸೆಕೆಂಡ್: 15 ಸೆಂಟಿಮೀಟರ್
• 500 ಪಿಕೋಸೆಕೆಂಡ್: 7.5 ಸೆಂಟಿಮೀಟರ್
• 200 ಪಿಕೋಸೆಕೆಂಡ್: 3 ಸೆಂಟಿಮೀಟರ್
• 100 ಪಿಕೋಸೆಕೆಂಡ್: 1.5 ಸೆಂಟಿಮೀಟರ್
• 10 ಪಿಕೋಸೆಕೆಂಡ್: 1.5 ಮಿಲಿಮೀಟರ್

ಪಿಇಟಿ ಚಿತ್ರದಲ್ಲಿ ಕೆಲವು ಮಿಲಿಮೀಟರ್ ಗಾತ್ರದ ಗಂಟುಗಳನ್ನು ಗುರುತಿಸಬೇಕಾಗಿರುವುದರಿಂದ, 3 ಸೆಂಟಿಮೀಟರ್ ಅನಿಶ್ಚಿತತೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಇಲ್ಲಿ ಲಾಭವಾಗುವುದು ಚಿತ್ರದ ಸೂಕ್ಷ್ಮತೆಯಲ್ಲಿ ಅಲ್ಲ, ಚಿತ್ರದಲ್ಲಿನ ಗದ್ದಲ ತಗ್ಗುವುದರಲ್ಲಿ. ಸಾಮಾನ್ಯ ಯಂತ್ರದಲ್ಲಿ ಪ್ರತಿಯೊಂದು ಘಟನೆಯನ್ನೂ ರೋಗಿಯ ದೇಹದ ಉದ್ದಗಲಕ್ಕೂ ಹರಡಬೇಕಾಗುತ್ತದೆ. ಹಾಗಾಗಿ ಒಂದು ಅಂಗದ ಏರಿಳಿತ ಮತ್ತೊಂದು ಅಂಗದ ಚಿತ್ರವನ್ನು ಕಲಕುತ್ತದೆ. ಹಾರಾಟ-ಕಾಲ ತಿಳಿದಾಗ ಈ ಹರಡುವಿಕೆ ಕೆಲವೇ ಸೆಂಟಿಮೀಟರುಗಳಿಗೆ ಸೀಮಿತವಾಗುತ್ತದೆ.

ಈ ಲಾಭವನ್ನು ದೇಹದ ಅಗಲವನ್ನು ಸ್ಥಾನದ ಅನಿಶ್ಚಿತತೆಯಿಂದ ಭಾಗಿಸಿ ಅಂದಾಜಿಸುವುದು ವಾಡಿಕೆ. 40 ಸೆಂಟಿಮೀಟರ್ ಅಗಲದ ದೇಹಕ್ಕೆ 500 ಪಿಕೋಸೆಕೆಂಡಿನ ಯಂತ್ರದಲ್ಲಿ ಸುಮಾರು 5 ಪಟ್ಟು, 200 ಪಿಕೋಸೆಕೆಂಡಿನ ಯಂತ್ರದಲ್ಲಿ ಸುಮಾರು 13 ಪಟ್ಟು ಹೆಚ್ಚು ಎಣಿಕೆಗಳನ್ನು ಪಡೆದಷ್ಟು ಫಲ ಸಿಗುತ್ತದೆ. ಇದು ಆದರ್ಶ ಸ್ಥಿತಿಯ ಲೆಕ್ಕ. ವಾಸ್ತವದಲ್ಲಿ ಲಾಭ ಇದಕ್ಕಿಂತ ಕಡಿಮೆ. ದೇಹ ದೊಡ್ಡದಾದಷ್ಟೂ ಲಾಭ ಹೆಚ್ಚು ಎಂಬುದು ಈ ಸೂತ್ರದಿಂದಲೇ ತಿಳಿಯುತ್ತದೆ. ಸ್ಥೂಲಕಾಯದ ರೋಗಿಗಳ ಚಿತ್ರಗಳು ಹಿಂದೆ ಮಸುಕಾಗಿರುತ್ತಿದ್ದುದರಿಂದ ಈ ಅಂಶಕ್ಕೆ ಮಹತ್ವವಿದೆ.

ಕಾಲನಿಖರತೆಯನ್ನು ಮಿತಿಗೊಳಿಸುವ ಅಂಶಗಳು

ಹರಳು. ಗಾಮಾ ಕಣ ಮೊದಲು ಬಡಿಯುವುದು ಮಿನುಗು ಹರಳಿಗೆ. ಹರಳು ಆ ಶಕ್ತಿಯನ್ನು ಹೀರಿ ಬೆಳಕಿನ ಸಣ್ಣ ಮಿನುಗಾಗಿ ಹೊರಹಾಕುತ್ತದೆ. ಈ ಬೆಳಕು ಒಮ್ಮೆಲೇ ಬರುವುದಿಲ್ಲ. ಬಿಸ್ಮತ್ ಜರ್ಮನೇಟ್ ಹರಳಿನಲ್ಲಿ ಅದು ಸುಮಾರು 300 ನ್ಯಾನೋಸೆಕೆಂಡಿನ ಕ್ಷಯಕಾಲದೊಂದಿಗೆ ನಿಧಾನವಾಗಿ ಆರುತ್ತದೆ. ಲುಟೇಶಿಯಂ ಆರ್ಥೋಸಿಲಿಕೇಟ್ ಹರಳಿನಲ್ಲಿ ಈ ಅವಧಿ ಸುಮಾರು 40 ನ್ಯಾನೋಸೆಕೆಂಡ್. ಕಾಲವನ್ನು ಗುರುತಿಸುವುದು ಮೊದಲು ಬರುವ ಕೆಲವು ಬೆಳಕಿನ ಕಣಗಳಿಂದ. ಆದುದರಿಂದ ಹರಳು ಹೆಚ್ಚು ಬೆಳಕನ್ನು, ಬೇಗನೆ ಕೊಡಬೇಕು.

ಹರಳಿನ ಆಳ. ಗಾಮಾ ಕಣಗಳನ್ನು ತಡೆಯಲು ಹರಳು ಸುಮಾರು 20 ಮಿಲಿಮೀಟರ್ ದಪ್ಪವಿರಬೇಕಾಗುತ್ತದೆ. ಗಾಮಾ ಕಣ ಈ ದೂರವನ್ನು 67 ಪಿಕೋಸೆಕೆಂಡಿನಲ್ಲಿ ದಾಟುತ್ತದೆ. ಲುಟೇಶಿಯಂ ಹರಳಿನ ವಕ್ರೀಭವನ ಸೂಚ್ಯಂಕ 1.82 ಆಗಿರುವುದರಿಂದ ಮಿನುಗಿನ ಬೆಳಕಿಗೆ ಅದೇ ದೂರಕ್ಕೆ ಸುಮಾರು 121 ಪಿಕೋಸೆಕೆಂಡ್ ಬೇಕು. ಗಾಮಾ ಕಣ ಹರಳಿನ ಮುಂಭಾಗದಲ್ಲಿ ಬಡಿದಿತೋ ಹಿಂಭಾಗದಲ್ಲಿ ಬಡಿದಿತೋ ತಿಳಿಯದಿದ್ದರೆ, ಅದರಿಂದಲೇ ಸುಮಾರು 54 ಪಿಕೋಸೆಕೆಂಡುಗಳವರೆಗೆ ವ್ಯತ್ಯಾಸ ಬರುತ್ತದೆ. ಬೆಳಕು ಹರಳಿನ ಗೋಡೆಗಳಿಗೆ ಬಡಿದು ಅಂಕುಡೊಂಕಾಗಿ ಸಾಗುವುದರಿಂದ ಈ ವ್ಯತ್ಯಾಸ ಇನ್ನೂ ಹೆಚ್ಚಬಹುದು.

ಬೆಳಕಿನ ಸಂವೇದಕ. ಮಿನುಗನ್ನು ವಿದ್ಯುತ್ ಸಂಕೇತವಾಗಿಸುವ ಉಪಕರಣವೂ ತನ್ನದೇ ಆದ ಅನಿಶ್ಚಿತತೆಯನ್ನು ಸೇರಿಸುತ್ತದೆ. ಹಳೆಯ ಯಂತ್ರಗಳಲ್ಲಿ ಫೋಟೊಮಲ್ಟಿಪ್ಲಯರ್ ಎಂಬ ನಿರ್ವಾತ ನಳಿಗೆಗಳಿದ್ದವು. ಒಂದು ನಳಿಗೆ ಹಲವಾರು ಹರಳುಗಳ ಬೆಳಕನ್ನು ಹಂಚಿಕೊಂಡು ಗ್ರಹಿಸಬೇಕಾಗಿತ್ತು.

ಇಲೆಕ್ಟ್ರಾನಿಕ್ಸ್. ದೊಡ್ಡ ಸಂಕೇತವು ನಿಗದಿತ ಮಟ್ಟವನ್ನು ಬೇಗ ಮುಟ್ಟುತ್ತದೆ, ಸಣ್ಣದು ತಡವಾಗಿ ಮುಟ್ಟುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಆರಂಭವಾಗಿದ್ದರೂ ಯಂತ್ರಕ್ಕೆ ಬೇರೆ ಬೇರೆ ಕ್ಷಣಗಳಾಗಿ ತೋರುತ್ತದೆ. ಇದನ್ನು ತಿದ್ದದಿದ್ದರೆ ಒಳ್ಳೆಯ ಹರಳಿನ ಲಾಭವೂ ವ್ಯರ್ಥವಾಗುತ್ತದೆ.

ಸುಧಾರಣೆಯ ಮಾರ್ಗಗಳು

ಮೊದಲನೆಯದು ಉತ್ತಮ ಹರಳು. ಲುಟೇಶಿಯಂ ಹರಳಿಗೆ ಸೀರಿಯಂ ಜೊತೆಗೆ ಅಲ್ಪ ಪ್ರಮಾಣದ ಕ್ಯಾಲ್ಸಿಯಂ ಸೇರಿಸಿದಾಗ ಕ್ಷಯಕಾಲ ಸುಮಾರು 30 ನ್ಯಾನೋಸೆಕೆಂಡಿಗೆ ಇಳಿಯುತ್ತದೆ.

ಎರಡನೆಯದು ಸಿಲಿಕಾನ್ ಫೋಟೊಮಲ್ಟಿಪ್ಲಯರ್. ಇದು ಕೆಲವು ಮಿಲಿಮೀಟರ್ ಅಗಲದ ಬಿಲ್ಲೆ. ಇದರಲ್ಲಿ ಸಾವಿರಾರು ಸೂಕ್ಷ್ಮ ಕೋಶಗಳಿದ್ದು, ಪ್ರತಿಯೊಂದು ಕೋಶವೂ ಬೆಳಕಿನ ಒಂದೇ ಒಂದು ಕಣಕ್ಕೆ ಪ್ರತಿಕ್ರಿಯಿಸಬಲ್ಲದು. ಬಿಲ್ಲೆಯನ್ನು ಹರಳಿಗೆ ನೇರವಾಗಿ ಅಂಟಿಸಬಹುದು. ಕಾಂತಕ್ಷೇತ್ರ ಇದನ್ನು ಬಾಧಿಸದ ಕಾರಣ ಎಂಆರ್‌ಐ ಯಂತ್ರದೊಳಗೂ ಬಳಸಬಹುದು.

ಮೂರನೆಯದು ಸಂಕೇತದ ಆರಂಭವನ್ನೇ ಹಿಡಿಯುವ, ಹಾಗೂ ಸಂಕೇತದ ಗಾತ್ರಕ್ಕೆ ತಕ್ಕಂತೆ ಕಾಲವನ್ನು ತಿದ್ದುವ ಇಲೆಕ್ಟ್ರಾನಿಕ್ಸ್. ಕಾಲವನ್ನು ನೇರವಾಗಿ ಅಂಕಿಯಾಗಿಸುವ ಚಿಪ್‌ಗಳನ್ನು ಶೋಧಕದ ಬಳಿಯಲ್ಲೇ ಇರಿಸಲಾಗುತ್ತದೆ.

ನಾಲ್ಕನೆಯದು ಗಡಿಯಾರಗಳ ಹೊಂದಾಣಿಕೆ. ಸಾವಿರಾರು ಶೋಧಕಗಳಲ್ಲಿ ಪ್ರತಿಯೊಂದರ ತಂತಿಯ ಉದ್ದ, ಉಷ್ಣತೆ, ವಿದ್ಯುತ್ ಒತ್ತಡ ಸ್ವಲ್ಪ ಸ್ವಲ್ಪ ಭಿನ್ನವಾಗಿರುತ್ತವೆ. ಇವುಗಳ ವಿಳಂಬವನ್ನು ಅಳೆದು ಪಟ್ಟಿಮಾಡಿ ಕಳೆಯಬೇಕು. ಈ ಕೆಲಸಕ್ಕೆ ವಿಕಿರಣಶೀಲ ಆಕರವನ್ನು ಬಳಸುವುದು ರೂಢಿ. ಲುಟೇಶಿಯಂ ಹರಳಿನಲ್ಲಿ ನಿಸರ್ಗಸಹಜವಾಗಿಯೇ ಲುಟೇಶಿಯಂ-176 ಎಂಬ ವಿಕಿರಣಶೀಲ ಐಸೊಟೋಪ್ ಶೇಕಡಾ 2.6ರಷ್ಟು ಇರುತ್ತದೆ. ಮೊದಲು ದೋಷವೆಂದು ಎಣಿಸಲಾಗಿದ್ದ ಈ ಹಿನ್ನೆಲೆ ವಿಕಿರಣವನ್ನೇ ಹೊಂದಾಣಿಕೆಗೆ ಬಳಸಿಕೊಳ್ಳುವ ವಿಧಾನಗಳೂ ರೂಪುಗೊಂಡಿವೆ.

ಇತಿಹಾಸ

1932ರಲ್ಲಿ ಕಾರ್ಲ್ ಆಂಡರ್ಸನ್ ಪಾಸಿಟ್ರಾನನ್ನು ಕಂಡುಹಿಡಿದರು. ಏಕಕಾಲಿಕ ಪತ್ತೆಯ ವಿಧಾನವನ್ನು ರೂಪಿಸಿದುದಕ್ಕಾಗಿ ವಾಲ್ಟರ್ ಬೋಥೆ ಅವರಿಗೆ 1954ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಗಾರ್ಡನ್ ಬ್ರೌನೆಲ್ ಮತ್ತು ವಿಲಿಯಂ ಸ್ವೀಟ್ ಮೆದುಳಿನ ಗಡ್ಡೆಗಳನ್ನು ಹುಡುಕಲು ಪಾಸಿಟ್ರಾನುಗಳನ್ನು ಬಳಸಿದರು. 1970ರ ದಶಕದ ಮಧ್ಯದಲ್ಲಿ ಮೈಕಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ ಮತ್ತು ಮೈಕಲ್ ಟರ್-ಪೊಗೊಸಿಯನ್ ಸೇಂಟ್ ಲೂಯಿಸ್‌ನಲ್ಲಿ ಆಧುನಿಕ ಪಿಇಟಿಯ ಮೊದಲ ಯಂತ್ರಗಳನ್ನು ನಿರ್ಮಿಸಿದರು.

ಹಾರಾಟ-ಕಾಲದ ವಿಚಾರ ಅಂದೇ ತಿಳಿದಿತ್ತು. 1980ರ ದಶಕದಲ್ಲಿ ಸೇಂಟ್ ಲೂಯಿಸ್ ಹಾಗೂ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸೀಸಿಯಂ ಫ್ಲೋರೈಡ್ ಮತ್ತು ಬೇರಿಯಂ ಫ್ಲೋರೈಡ್ ಹರಳುಗಳಿಂದ ಅಂತಹ ಯಂತ್ರಗಳು ತಯಾರಾದವು. ಈ ಹರಳುಗಳು ಚುರುಕಾಗಿದ್ದರೂ ಸಾಂದ್ರತೆ ಕಡಿಮೆಯಾದುದರಿಂದ ಬಹಳಷ್ಟು ಗಾಮಾ ಕಣಗಳು ತಡೆಯಿಲ್ಲದೆ ದಾಟಿಹೋಗುತ್ತಿದ್ದವು. ನಿಧಾನವಾದರೂ ಸಾಂದ್ರವಾದ ಬಿಸ್ಮತ್ ಜರ್ಮನೇಟ್ ಗೆದ್ದಿತು. ಹಾರಾಟ-ಕಾಲದ ವಿಚಾರ ಮೂಲೆಗೆ ಸರಿಯಿತು.

ಚಾರ್ಲ್ಸ್ ಮೆಲ್ಚರ್ ಅವರು 1990ರ ಸುಮಾರಿಗೆ ಲುಟೇಶಿಯಂ ಆರ್ಥೋಸಿಲಿಕೇಟ್ ಹರಳನ್ನು ಕಂಡುಹಿಡಿದ ಮೇಲೆ ಸನ್ನಿವೇಶ ಬದಲಾಯಿತು. ಇದು ಸಾಂದ್ರವೂ ಹೌದು, ಚುರುಕೂ ಹೌದು. 2006ರಲ್ಲಿ ಫಿಲಿಪ್ಸ್ ಸಂಸ್ಥೆಯ ಜೆಮಿನಿ ಟಿಎಫ್ ಯಂತ್ರ ಸುಮಾರು 600 ಪಿಕೋಸೆಕೆಂಡ್ ಕಾಲನಿಖರತೆಯೊಂದಿಗೆ ಆಸ್ಪತ್ರೆಗಳಿಗೆ ಬಂದಿತು. ಸಿಲಿಕಾನ್ ಸಂವೇದಕಗಳ ಬಳಕೆಯಿಂದ 2018ರಲ್ಲಿ ಬಂದ ಸೀಮನ್ಸ್ ಬಯೋಗ್ರಾಫ್ ವಿಷನ್ ಯಂತ್ರದಲ್ಲಿ ಇದು ಸುಮಾರು 214 ಪಿಕೋಸೆಕೆಂಡಿಗೆ ಇಳಿಯಿತು.

ಕರ್ನಾಟಕ ಮತ್ತು ಭಾರತದಲ್ಲಿ

ಮಿನುಗು ಶೋಧಕಗಳನ್ನು ಏಕಕಾಲಿಕವಾಗಿ ಜೋಡಿಸುವ ವಿದ್ಯೆಗೆ ಕರ್ನಾಟಕದ ನೆಲದಲ್ಲಿ ಒಂದು ಪೂರ್ವೇತಿಹಾಸವಿದೆ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳ ಕುರುಹನ್ನು ಪತ್ತೆಮಾಡಿದರು. ಅಲ್ಲಿಯೂ ಎದುರುಬದುರಿನ ಪ್ಲಾಸ್ಟಿಕ್ ಮಿನುಗು ಶೋಧಕಗಳು ಒಟ್ಟಿಗೆ ಸಂಕೇತ ಕೊಟ್ಟಾಗ ಮಾತ್ರ ಘಟನೆಯನ್ನು ದಾಖಲಿಸಲಾಗುತ್ತಿತ್ತು. ಉದ್ದೇಶ ಬೇರೆಯಾದರೂ ತತ್ತ್ವ ಒಂದೇ.

ಭಾರತದ ಮೊದಲ ವೈದ್ಯಕೀಯ ಸೈಕ್ಲೊಟ್ರಾನ್ ಮತ್ತು ಪಿಇಟಿ ಸೌಲಭ್ಯ 2002ರಲ್ಲಿ ಮುಂಬಯಿಯ ಪರೇಲ್‌ನಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಸೇರಿದಂತೆ ಹಲವೆಡೆ ಪಿಇಟಿ-ಸಿಟಿ ಯಂತ್ರಗಳಿವೆ. ನಿಮ್ಹಾನ್ಸ್ ಸಂಸ್ಥೆಯಲ್ಲಿ ಪಿಇಟಿ ಮತ್ತು ಎಂಆರ್‌ಐ ಎರಡನ್ನೂ ಏಕಕಾಲದಲ್ಲಿ ಮಾಡುವ ಬಯೋಗ್ರಾಫ್ ಎಂಎಂಆರ್ ಯಂತ್ರ ಬಳಕೆಗೆ ಬಂದಿತು. ಈ ಮಾದರಿಯ ಯಂತ್ರಗಳಲ್ಲಿ ಕಾಂತಕ್ಷೇತ್ರವನ್ನು ತಾಳಬಲ್ಲ ಅವಲಾಂಚ್ ಫೋಟೊಡಯೋಡುಗಳಿವೆ. ಇವು ನಿಧಾನವಾದ ಸಂವೇದಕಗಳಾದ ಕಾರಣ ಅಂತಹ ಯಂತ್ರಗಳಿಗೆ ಹಾರಾಟ-ಕಾಲವನ್ನು ಅಳೆಯಲಾಗದು. ಸಿಲಿಕಾನ್ ಫೋಟೊಮಲ್ಟಿಪ್ಲಯರ್ ಬಂದ ಬಳಿಕವೇ ಎಂಆರ್‌ಐ ಜೊತೆಗೆ ಹಾರಾಟ-ಕಾಲದ ಅಳತೆ ಸಾಧ್ಯವಾಯಿತು. ಭಾರತದಲ್ಲಿ ಇಂತಹ ಸೌಲಭ್ಯಗಳ ಸುರಕ್ಷತೆಯನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನೋಡಿಕೊಳ್ಳುತ್ತದೆ.

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಿಗೆ ಇದರ ಪ್ರಸ್ತುತತೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಜನರಿಗೆ ಪಿಇಟಿ ತಪಾಸಣೆಗೆ ಹತ್ತಿರದ ಊರು ಮೈಸೂರು. ಅಲ್ಲಿ ಆಗದಿದ್ದರೆ ಬೆಂಗಳೂರು. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದೆಡೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ತಂಬಾಕಿನ ಸೇವನೆ ಶ್ವಾಸಕೋಶ, ಬಾಯಿ, ಗಂಟಲು ಮುಂತಾದ ಅಂಗಗಳ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧಪಟ್ಟ ವಿಷಯ. ಬೆಳೆಗಾರರಿಗೆ ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಸೇರಿ ವಾಂತಿ, ತಲೆಸುತ್ತು ಬರುವುದು ಬೇರೆಯೇ ತೊಂದರೆ. ಅದು ಕ್ಯಾನ್ಸರ್ ಅಲ್ಲ. ಶ್ವಾಸಕೋಶದ ಕ್ಯಾನ್ಸರ್ ಎಷ್ಟು ಹರಡಿದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂಬುದನ್ನು ನಿರ್ಧರಿಸುವಲ್ಲಿ ಪಿಇಟಿ-ಸಿಟಿ ಬಹಳ ಸಹಾಯಕ.

ಇಲ್ಲಿ ಔಷಧದ ಸಾಗಾಣಿಕೆಯ ಪ್ರಶ್ನೆ ಎದುರಾಗುತ್ತದೆ. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಸೈಕ್ಲೊಟ್ರಾನ್ ಇರುವ ಬೆಂಗಳೂರಿನಿಂದ ಮೈಸೂರಿಗೆ ರಸ್ತೆಯ ಮೂಲಕ ತರಲು ಮೂರು ಗಂಟೆ ಹಿಡಿದರೆ, ಹೊರಟಾಗ ಇದ್ದ ವಿಕಿರಣಶೀಲತೆಯಲ್ಲಿ ಮೂರನೆಯ ಒಂದು ಭಾಗದಷ್ಟು ಮಾತ್ರ ಉಳಿದಿರುತ್ತದೆ. ದಾರಿಯಲ್ಲಿ ಇನ್ನೊಂದು ಗಂಟೆ ತಡವಾದರೆ ಅದು ಶೇಕಡಾ 22ಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಸರದಿಯಲ್ಲಿರುವ ರೋಗಿಗೆ ಔಷಧ ಸಾಲದೆ ಹೋಗುವ ಸಂಭವವಿದೆ. ಕಾಲನಿಖರತೆ ಉತ್ತಮವಾಗಿರುವ ಯಂತ್ರದಲ್ಲಿ ಕಡಿಮೆ ಔಷಧದಿಂದಲೂ ಓದಬಹುದಾದ ಚಿತ್ರ ಸಿಗುವುದರಿಂದ, ಬಂದಷ್ಟೇ ಔಷಧದಲ್ಲಿ ಹೆಚ್ಚು ಜನರ ತಪಾಸಣೆ ಮುಗಿಸಬಹುದು.

ರೋಗಿಯ ಪಾಲಿಗೂ ಸಮಯವೇ ಮುಖ್ಯ. ಎಫ್‌ಡಿಜಿ ತಪಾಸಣೆಗೆ ಮೊದಲು ಕನಿಷ್ಠ 4ರಿಂದ 6 ಗಂಟೆ ಆಹಾರ ಸೇವಿಸದಿರಬೇಕು. ನೀರು ಕುಡಿಯಬಹುದು. ರಕ್ತದ ಸಕ್ಕರೆ ಹೆಚ್ಚಾಗಿದ್ದರೆ ತಪಾಸಣೆಯನ್ನು ಮುಂದೂಡಬೇಕಾಗಬಹುದು. ಚುಚ್ಚುಮದ್ದಿನ ನಂತರ ಸುಮಾರು ಒಂದು ಗಂಟೆ ಅಲುಗಾಡದೆ ವಿಶ್ರಮಿಸಿ, ಬಳಿಕ ಯಂತ್ರದಲ್ಲಿ ಮಲಗಬೇಕು. ಕೇರಳದ ಗಡಿಗೆ ತಾಗಿದ ಡಿ.ಬಿ.ಕುಪ್ಪೆಯ ಕಡೆಯಿಂದ ಮೊದಲ ಬಸ್ಸಿಗೆ ಬರಿಹೊಟ್ಟೆಯಲ್ಲಿ ಹೊರಟು ಬಂದ ಮಧುಮೇಹಿಗೆ, ತಪಾಸಣೆ ಅದೇ ದಿನ ಆಗುವುದಕ್ಕೂ ಮರುದಿನಕ್ಕೆ ಬೀಳುವುದಕ್ಕೂ ಬಹಳ ಅಂತರವಿದೆ. ಮೂಳೆನೋವಿನಿಂದ ಬಳಲುವವರಿಗೆ ಗಟ್ಟಿಯಾದ ಹಲಗೆಯ ಮೇಲೆ ಕೈಗಳನ್ನು ಮೇಲೆತ್ತಿ ಮಲಗುವ ಅವಧಿ 20 ನಿಮಿಷದಿಂದ 10 ನಿಮಿಷಕ್ಕೆ ಇಳಿದರೆ ಅದೂ ದೊಡ್ಡ ಉಪಶಮನ. ಅಲುಗಾಟ ಕಡಿಮೆಯಾದಷ್ಟೂ ಚಿತ್ರವೂ ಸ್ಪಷ್ಟವಾಗುತ್ತದೆ.

ಮಿತಿಗಳು

ಕಾಲನಿಖರತೆ ಎಲ್ಲ ತೊಂದರೆಗಳಿಗೂ ಪರಿಹಾರವಲ್ಲ. ಎಫ್‌ಡಿಜಿ ಕ್ಯಾನ್ಸರನ್ನು ಮಾತ್ರ ತೋರಿಸುವುದಿಲ್ಲ. ಕ್ಷಯರೋಗದ ಗಂಟುಗಳು, ಸೋಂಕು ಹಾಗೂ ಉರಿಯೂತಗಳೂ ಚಿತ್ರದಲ್ಲಿ ಹೊಳೆಯುತ್ತವೆ. ಕ್ಷಯರೋಗ ವ್ಯಾಪಕವಾಗಿರುವ ಭಾರತದಲ್ಲಿ, ಹೊಳೆಯುವ ಗಂಟಿನ ಸ್ವರೂಪವನ್ನು ತಿಳಿಯಲು ಬಯಾಪ್ಸಿ ಅನೇಕ ಸಲ ಅನಿವಾರ್ಯ. ಗಂಟು ಇನ್ನಷ್ಟು ಸ್ಪಷ್ಟವಾಗಿ ಕಂಡಮಾತ್ರಕ್ಕೆ ಅದು ಏನೆಂಬುದು ತಿಳಿದಂತಾಗುವುದಿಲ್ಲ. ಪಾಸಿಟ್ರಾನ್ ಸಾಗುವ ದೂರ, ಎರಡು ಗಾಮಾ ಕಣಗಳ ದಿಕ್ಕಿನಲ್ಲಿನ ಅಲ್ಪ ವಕ್ರತೆ ಮತ್ತು ಹರಳಿನ ಅಗಲ ಇವು ಚಿತ್ರದ ಸೂಕ್ಷ್ಮತೆಗೆ ಹಾಕುವ ಮಿತಿಗಳೂ ಹಾಗೆಯೇ ಉಳಿಯುತ್ತವೆ. ಲುಟೇಶಿಯಂ ದುಬಾರಿ ಲೋಹವಾದುದರಿಂದ ಯಂತ್ರದ ಬೆಲೆಯೂ ಹೆಚ್ಚು.

ಮುಂದಿನ ಸಂಶೋಧನೆ

ಕಾಲನಿಖರತೆಯನ್ನು 10 ಪಿಕೋಸೆಕೆಂಡಿಗೆ ಇಳಿಸುವುದು ಸಂಶೋಧಕರು ತಮಗೆ ತಾವೇ ಹಾಕಿಕೊಂಡಿರುವ ಗುರಿ. ಅದು ಕೈಗೂಡಿದರೆ ಪ್ರತಿಯೊಂದು ಘಟನೆಯ ಸ್ಥಾನವೂ ಒಂದೂವರೆ ಮಿಲಿಮೀಟರಿನೊಳಗೆ ನೇರವಾಗಿ ತಿಳಿಯುವುದರಿಂದ, ಚಿತ್ರವನ್ನು ಲೆಕ್ಕಾಚಾರದಿಂದ ಕಟ್ಟುವ ಅಗತ್ಯವೇ ಇರದು. 2021ರಲ್ಲಿ ಅಮೆರಿಕ ಮತ್ತು ಜಪಾನಿನ ಸಂಶೋಧಕರು ಚೆರೆಂಕೋವ್ ಬೆಳಕನ್ನು ಬಳಸಿ 32 ಪಿಕೋಸೆಕೆಂಡ್ ಕಾಲನಿಖರತೆಯನ್ನು ಸಾಧಿಸಿ, ಅಂತಹ ನೇರ ಚಿತ್ರವನ್ನು ಪ್ರಯೋಗಾಲಯದಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಕೇವಲ ಎರಡು ಶೋಧಕಗಳನ್ನು. ಅದೇ ನಿಖರತೆಯನ್ನು ಸಾವಿರಾರು ಶೋಧಕಗಳ ಆಸ್ಪತ್ರೆ ಯಂತ್ರಕ್ಕೆ ತರುವುದು ಮುಂದಿನ ಸವಾಲು. ಚೆರೆಂಕೋವ್ ಬೆಳಕು ಬಿಸ್ಮತ್ ಜರ್ಮನೇಟ್ ಹರಳಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ, ಬಹು ಬೇಗನೆ ಹುಟ್ಟುತ್ತದೆ. ಲುಟೇಶಿಯಂಗಿಂತ ಅಗ್ಗವಾದ ಈ ಹಳೆಯ ಹರಳಿಗೆ ಹೊಸ ಉಪಯೋಗ ದೊರೆಯುವ ಸಾಧ್ಯತೆ ಇದರಿಂದ ತೆರೆದಿದೆ. ಪೋಲೆಂಡಿನ ಕ್ರಾಕೋವ್ ನಗರದ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯದಲ್ಲಿ ಹರಳಿನ ಬದಲು ಉದ್ದನೆಯ ಪ್ಲಾಸ್ಟಿಕ್ ಮಿನುಗು ಪಟ್ಟಿಗಳನ್ನು ಬಳಸುವ ಯಂತ್ರವನ್ನು ರೂಪಿಸಲಾಗಿದೆ. ಇಂತಹ ಪ್ರಯತ್ನಗಳು ಯಶಸ್ವಿಯಾದರೆ ಯಂತ್ರದ ವೆಚ್ಚ ತಗ್ಗಿ, ಪಿಇಟಿ ತಪಾಸಣೆ ದೊಡ್ಡ ನಗರಗಳ ಆಚೆಗೂ ತಲುಪಬಹುದು.